ಅನುಮಾನದ ಕಾಲಂನಲ್ಲಿ ಕಳೆದುಹೋಗುವ ಮತದಾರ

ಕರ್ನಾಟಕದಲ್ಲಿ ಬಿಜೆಪಿ ಪಡೆದ ಮತ ಪ್ರಮಾಣವನ್ನು ನಾಲ್ಕು ಚುನಾವಣೆಗಳಲ್ಲಿ ಸಾಲಾಗಿಟ್ಟು ನೋಡಿ. 2018ರ ವಿಧಾನಸಭೆಗೆ ಸುಮಾರು ಶೇ 36, 2019ರ ಲೋಕಸಭೆಗೆ ಶೇ 51, 2023ರ ವಿಧಾನಸಭೆಗೆ ಶೇ 36, 2024ರ ಲೋಕಸಭೆಗೆ ಶೇ 46. ಕೊನೆಯ ಚುನಾವಣೆಯಲ್ಲಿ ಪಕ್ಷ ಸ್ಪರ್ಧಿಸಿದ್ದು 28ರ ಪೈಕಿ 25 ಕ್ಷೇತ್ರಗಳಲ್ಲಿ ಮಾತ್ರ, ಉಳಿದ ಮೂರನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿತ್ತು. ನೂರಕ್ಕೆ ಹದಿನೈದು ಮತಗಳು ಒಂದೇ ವರ್ಷದಲ್ಲಿ ಬಂದವು, ನಾಲ್ಕು ವರ್ಷದಲ್ಲಿ ಅಷ್ಟೇ ಮತಗಳು ಹೋದವು, ಮತ್ತೊಂದು ವರ್ಷದಲ್ಲಿ ಬಹುಪಾಲು ವಾಪಸಾದವು.

ಎದುರಿನವರ ಲೆಕ್ಕವೂ ಇದೇ ಕತೆ ಹೇಳುತ್ತದೆ. 2018ರಲ್ಲಿ ಬೇರೆ ಬೇರೆಯಾಗಿ ಸ್ಪರ್ಧಿಸಿದ್ದ ಕಾಂಗ್ರೆಸ್ ಶೇ 38, ಜೆಡಿಎಸ್ ಶೇ 18 ಮತ ಪಡೆದಿದ್ದವು. ಮರುವರ್ಷ ಲೋಕಸಭೆಗೆ ಕೈ ಜೋಡಿಸಿದಾಗ ಕಾಗದದ ಮೇಲೆ ಶೇ 56 ಮತ ಇತ್ತು. ಮತಯಂತ್ರದಿಂದ ಹೊರಬಂದದ್ದು ಶೇ 42ಕ್ಕೂ ಕಡಿಮೆ. 28 ಸ್ಥಾನಗಳಲ್ಲಿ ಮೈತ್ರಿಗೆ ದಕ್ಕಿದ್ದು ಎರಡು.

ಈ ಏರಿಳಿತಕ್ಕೆ ಪಕ್ಷದ ಕಚೇರಿಗಳಲ್ಲಿ ಎರಡು ಸಿದ್ಧ ಉತ್ತರಗಳಿರುತ್ತವೆ. ಗೆದ್ದವರು ‘ಅಲೆ’ ಎನ್ನುತ್ತಾರೆ, ಸೋತವರು ‘ಆಡಳಿತ ವಿರೋಧಿ ಅಲೆ’ ಎನ್ನುತ್ತಾರೆ. ಅಲೆಯಾದರೂ ಎದ್ದದ್ದು ಯಾರಿಂದ, ಯಾವ ಬೂತಿನಲ್ಲಿ, ಯಾಕೆ ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಯಾವ ಪಕ್ಷಕ್ಕೂ ಸೇರದ ಮತದಾರ. ಅವನನ್ನು ಪಕ್ಷಗಳು ಕಳೆದುಕೊಳ್ಳುವುದು ಮತದಾನದ ದಿನವಲ್ಲ. ಪಟ್ಟಿ, ಕಾರ್ಯಕರ್ತ, ಸಮೀಕ್ಷೆ, ವಾಟ್ಸ್‌ಆ್ಯಪ್ ಗುಂಪು, ಟಿಕೆಟ್ ಹಂಚಿಕೆ ಎಂಬ ಅವುಗಳ ಇಡೀ ಯಂತ್ರ ತಮ್ಮವರನ್ನು ಎಣಿಸಲೆಂದೇ ಕಟ್ಟಿದ್ದು. ಅದರ ಒಂದೊಂದು ಹಂತದಲ್ಲೂ ತಟಸ್ಥ ಮತದಾರ ಸ್ವಲ್ಪ ಸ್ವಲ್ಪವಾಗಿ ಕಣ್ಮರೆಯಾಗುತ್ತಾನೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರ ಹೆಸರು ನೋಂದಾಯಿಸುವಾಗಲೇ ತಾನು ಯಾವ ಪಕ್ಷದವನು, ಅಥವಾ ಯಾವ ಪಕ್ಷದವನೂ ಅಲ್ಲ ಎಂದು ಬರೆಸಬಹುದು. ಅಲ್ಲಿ ಸ್ವತಂತ್ರ ಮತದಾರರ ಎಣಿಕೆ ಸರ್ಕಾರಿ ದಾಖಲೆಯಲ್ಲೇ ಸಿಗುತ್ತದೆ. ನಮ್ಮಲ್ಲಿ ಅಂಥ ದಾಖಲೆ ಇಲ್ಲ. ಹೆಸರು, ತಂದೆಯ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ, ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ, ಇಷ್ಟೇ ಮತದಾರರ ಪಟ್ಟಿಯಲ್ಲಿರುವುದು. ಒಲವು ಯಾವ ಕಡೆ ಎಂಬುದನ್ನು ಪಕ್ಷದವರೇ ಊಹಿಸಿ ಗುರುತು ಹಾಕಿಕೊಳ್ಳಬೇಕು. ತೊಂದರೆ ಶುರುವಾಗುವುದು ಆ ಗುರುತಿನಿಂದಲೇ.

2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ 5.3 ಕೋಟಿ ಮತದಾರರಿಗೆ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಸರಾಸರಿ ತೆಗೆದರೆ ಒಂದು ಬೂತಿಗೆ 900 ಮತದಾರರು, ಒಂದು ವಿಧಾನಸಭಾ ಕ್ಷೇತ್ರಕ್ಕೆ 260 ಬೂತುಗಳು. ಪಟ್ಟಿಯ ಒಂದು ಪುಟದಲ್ಲಿ ಸುಮಾರು 30 ಹೆಸರುಗಳಿರುತ್ತವೆ. ಬಿಜೆಪಿ ‘ಪೇಜ್ ಪ್ರಮುಖ್’ ಎಂದು ನೇಮಿಸುವುದು ಈ ಪುಟವೊಂದರ ಹೊಣೆ ಹೊರುವ ಕಾರ್ಯಕರ್ತನನ್ನು. ಬೇರೆ ಪಕ್ಷಗಳಲ್ಲಿ ಹೆಸರು ಬೇರೆ, ಶಿಸ್ತಿನ ಮಟ್ಟ ಬೇರೆ, ಕೆಲಸ ಮಾತ್ರ ಅದೇ. ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ, ಪ್ರತಿ ಹೆಸರಿನ ಮುಂದೆ ಮೂರರಲ್ಲೊಂದು ಗುರುತು ಹಾಕಬೇಕು: ನಮ್ಮದು, ಅವರದು, ಅನುಮಾನ.

ಈ ಪಟ್ಟಿ ಮನೆ ನಂಬರಿನ ಕ್ರಮದಲ್ಲಿರುತ್ತದೆ. ಹಾಗಾಗಿ ಒಂದು ಮನೆಯ ಐದು ಹೆಸರುಗಳು ಒಂದರ ಕೆಳಗೊಂದು ಬರುತ್ತವೆ. ಕಾರ್ಯಕರ್ತ ಮನೆಯ ಯಜಮಾನನ ಹತ್ತಿರ ಎರಡು ಮಾತಾಡಿ, ಐದು ಹೆಸರಿಗೂ ಸೇರಿಸಿ ಬದಿಯಲ್ಲಿ ಒಂದು ಉದ್ದ ಗೆರೆ ಎಳೆದು ಒಂದೇ ಗುರುತು ಹಾಕುತ್ತಾನೆ. ಹೆಂಡತಿಯ ಅಭಿಪ್ರಾಯ, ಮೊದಲ ಸಲ ಓಟು ಹಾಕುವ ಮಗಳ ಅಭಿಪ್ರಾಯ, ಗಾರ್ಮೆಂಟ್ಸ್ ಕೆಲಸಕ್ಕೆ ಬೇರೆ ಊರಿನಲ್ಲಿರುವ ಸೊಸೆಯ ಅಭಿಪ್ರಾಯ ಎಲ್ಲವೂ ಆ ಗೆರೆಯೊಳಗೆ ಸೇರಿಹೋಗುತ್ತವೆ. ಎಷ್ಟೋ ಸಲ ಬಾಗಿಲನ್ನೂ ತಟ್ಟುವುದಿಲ್ಲ. ಬೀದಿಯ ಹೆಸರು, ಮನೆಯವರ ಜಾತಿ ನೋಡಿಯೇ ಗುರುತು ಬೀಳುತ್ತದೆ. ಹೋದ ಚುನಾವಣೆಯ ಪಟ್ಟಿ ಕೈಗೆ ಸಿಕ್ಕರೆ ಅದನ್ನೇ ಇಳಿಸಿಕೊಳ್ಳುವುದೂ ಉಂಟು.

ಇನ್ನೂ ಒಂದು ಒತ್ತಡವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ‘ಅನುಮಾನ’ದ ಗುರುತು ಜಾಸ್ತಿ ಇದ್ದರೆ ಆ ಕಾರ್ಯಕರ್ತ ಕೆಲಸ ಮಾಡಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಾರೆ. 30 ಹೆಸರಲ್ಲಿ 12 ಅನುಮಾನ ಎಂದು ಬರೆದವನಿಗೆ ಸಭೆಯಲ್ಲಿ ಬೈಗುಳ, 3 ಎಂದು ಬರೆದವನಿಗೆ ಶಹಬ್ಬಾಸ್. ಹಾಗಾಗಿ ವರದಿ ಮೇಲೆ ಹೋದಂತೆಲ್ಲ ಅನುಮಾನ ಕರಗಿ ‘ನಮ್ಮದು’ ಆಗುತ್ತದೆ. ಬೂತಿನಿಂದ ವಾರ್ಡಿಗೆ, ವಾರ್ಡಿನಿಂದ ಬ್ಲಾಕಿಗೆ, ಬ್ಲಾಕಿನಿಂದ ಅಭ್ಯರ್ಥಿಗೆ ಬರುವಷ್ಟರಲ್ಲಿ ಪ್ರತಿ ಬೂತಿನಲ್ಲೂ ಗೆಲುವು ಖಚಿತ ಎಂಬ ಲೆಕ್ಕ ಸಿದ್ಧವಾಗಿರುತ್ತದೆ. ಕ್ಷೇತ್ರದ ಮೂರೂ ಅಭ್ಯರ್ಥಿಗಳ ಹತ್ತಿರ ಇಂಥ ಲೆಕ್ಕ ಇರುತ್ತದೆ, ಮೂರನ್ನೂ ಕೂಡಿಸಿದರೆ ಪಟ್ಟಿಯಲ್ಲಿರುವ ಮತದಾರರಿಗಿಂತ ಹೆಚ್ಚು ಮತ ಬರುತ್ತದೆ.

ಈ ಅನುಮಾನದವರು ಎಷ್ಟು ಮುಖ್ಯ ಎಂಬುದು ಗುಣಾಕಾರದಲ್ಲಿ ಗೊತ್ತಾಗುತ್ತದೆ. ಒಂದು ಬೂತಿನಲ್ಲಿ ಇಪ್ಪತ್ತೇ ಜನ ಒಂದು ಪಕ್ಷದಿಂದ ಎದುರು ಪಕ್ಷಕ್ಕೆ ಹೋದರೆಂದುಕೊಳ್ಳಿ. 260 ಬೂತಿಗೆ ಅದು 5,200 ಮತ. ಇಲ್ಲಿ ಕಳೆದದ್ದು ಅಲ್ಲಿ ಕೂಡಿದ್ದರಿಂದ ಇಬ್ಬರ ನಡುವಿನ ಅಂತರ 10,400 ಮತಗಳಷ್ಟು ಬದಲಾಗುತ್ತದೆ. 2023ರಲ್ಲಿ ಜಯನಗರದಲ್ಲಿ ಗೆಲುವಿನ ಅಂತರ 16 ಮತ, ಗಾಂಧಿನಗರದಲ್ಲಿ 105. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಸ್ಥಾನ ಬದಲಾಯಿತೆಂದರೆ ಮತದಾರ ಬದಲಾದ ಎಂದೇ ಅರ್ಥವಲ್ಲ. 2023ರಲ್ಲಿ 135 ಶಾಸಕರನ್ನು ಗೆಲ್ಲಿಸಿದ್ದ ಕಾಂಗ್ರೆಸ್ 2024ರಲ್ಲಿ ಗೆದ್ದದ್ದು 9 ಲೋಕಸಭಾ ಸ್ಥಾನ. ಗ್ಯಾರಂಟಿ ಯೋಜನೆಗಳು ಕೈಕೊಟ್ಟವು ಎಂದು ಅನೇಕರು ಷರಾ ಬರೆದರು. ಆದರೆ ಕಾಂಗ್ರೆಸ್ಸಿನ ಮತ ಪ್ರಮಾಣ ಶೇ 43ರಿಂದ ಶೇ 45ಕ್ಕೆ ಏರಿತ್ತು. ಎದುರಿನ ಎರಡು ಪಕ್ಷಗಳು ಒಂದಾಗಿದ್ದವು, ಅವುಗಳ ಮತ ಒಟ್ಟಿಗೆ ಬಿದ್ದಿತು. 2014ರಲ್ಲೂ ಫಲಿತಾಂಶ ಇದೇ ಆಗಿತ್ತು: ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9, ಜೆಡಿಎಸ್‌ಗೆ 2. ಆಗ ಜೆಡಿಎಸ್ ಒಂಟಿಯಾಗಿ ನಿಂತಿತ್ತು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಫಲಿತಾಂಶಗಳ ಒಳಗೆ ಮತದಾರ ನಡೆದ ದಾರಿ ಬೇರೆ ಬೇರೆ. ಸ್ಥಾನ ಎಣಿಸಿ ಮತದಾರನ ಮನಸ್ಸು ಓದಲು ಹೊರಟವರು ಇಲ್ಲಿ ಎಡವುತ್ತಾರೆ.

ಶೇಕಡಾವಾರು ನೋಡಿ ಎಡವುವವರೂ ಇದ್ದಾರೆ. 2023ರಲ್ಲಿ ಬಿಜೆಪಿ 104ರಿಂದ 66ಕ್ಕೆ ಇಳಿದರೂ ಮತ ಪ್ರಮಾಣ ಶೇ 36ರಲ್ಲೇ ನಿಂತಿತ್ತು. ‘ನಮ್ಮ ಮತ ಕರಗಿಲ್ಲ, ಜೆಡಿಎಸ್ ಮತ ಕಾಂಗ್ರೆಸ್ಸಿಗೆ ಹೋದದ್ದಕ್ಕೆ ಸೋತೆವು’ ಎಂಬ ಸಮಾಧಾನ ಆಗ ಸುಲಭವಾಗಿ ಸಿಕ್ಕಿತು. ನಿಜ ಸಂಗತಿ ಎಂದರೆ ಹಳೇ ಮೈಸೂರು ಭಾಗದಲ್ಲಿ ಮತ್ತು ಬೆಂಗಳೂರಿನಲ್ಲಿ ಪಕ್ಷಕ್ಕೆ ಮತ ಹೆಚ್ಚಿತ್ತು, ಕಿತ್ತೂರು ಕರ್ನಾಟಕ, ಮಧ್ಯ ಕರ್ನಾಟಕದಂಥ ತನ್ನದೇ ನೆಲದಲ್ಲಿ ಇಳಿದಿತ್ತು. ಹೆಚ್ಚಿದ ಕಡೆ ಅದಕ್ಕೆ ತಕ್ಕಷ್ಟು ಸೀಟು ಬರಲಿಲ್ಲ, ಇಳಿದ ಕಡೆ ಇದ್ದ ಸೀಟು ಹೋಯಿತು. ಒಂದು ಕಡೆಯ ಗಳಿಕೆ ಇನ್ನೊಂದು ಕಡೆಯ ನಷ್ಟವನ್ನು ಮುಚ್ಚಿ, ರಾಜ್ಯದ ಸರಾಸರಿ ಮಾತ್ರ ಕದಲದೆ ನಿಂತಿತ್ತು.

ಹಾಗಾದರೆ ಮತದಾರ ನಿಜವಾಗಿ ಕದಲಿದ್ದನ್ನು ನೋಡಬೇಕಾದರೆ ಮಂಡ್ಯಕ್ಕೆ ಹೋಗಬೇಕು. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರಗಳನ್ನು ಜೆಡಿಎಸ್ ಗೆದ್ದಿತ್ತು. ಮಂಡ್ಯ ಲೋಕಸಭಾ ಕ್ಷೇತ್ರದ ಎಂಟನೆಯ ಭಾಗವಾದ ಕೆ.ಆರ್. ನಗರವೂ ಅದರದೇ ಆಗಿತ್ತು. ಮುಖ್ಯಮಂತ್ರಿ ಅದೇ ಪಕ್ಷದವರು, ಕಾಂಗ್ರೆಸ್ಸಿನ ಜೊತೆ ಮೈತ್ರಿ. ಇದಕ್ಕಿಂತ ಭದ್ರವಾದ ಕೋಟೆ ಇನ್ನೊಂದಿರಲಿಲ್ಲ. 2019ರಲ್ಲಿ ಅಲ್ಲಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಶ್, ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿಯವರನ್ನು 1.25 ಲಕ್ಷ ಮತಗಳ ಅಂತರದಿಂದ ಸೋಲಿಸಿದರು. 2023ರಲ್ಲಿ ಜಿಲ್ಲೆಯ ಏಳರಲ್ಲಿ ಐದು ಕಾಂಗ್ರೆಸ್ಸಿಗೆ, ಮೇಲುಕೋಟೆ ಸರ್ವೋದಯ ಕರ್ನಾಟಕ ಪಕ್ಷಕ್ಕೆ, ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆಯೊಂದೇ. 2024ರಲ್ಲಿ ಅದೇ ಮತದಾರರು ಎಚ್.ಡಿ. ಕುಮಾರಸ್ವಾಮಿಯವರನ್ನು 2.84 ಲಕ್ಷ ಮತಗಳ ಅಂತರದಿಂದ ಲೋಕಸಭೆಗೆ ಕಳುಹಿಸಿದರು.

ಜಾತಿಯೊಂದರಿಂದಲೇ ಇದನ್ನು ವಿವರಿಸಲು ಬರುವುದಿಲ್ಲ. ಮಂಡ್ಯ ಒಕ್ಕಲಿಗರು ಹೆಚ್ಚಿರುವ ಜಿಲ್ಲೆ, ಆದರೆ ಎದುರುಬದುರಾಗಿ ನಿಲ್ಲುವ ಅಭ್ಯರ್ಥಿಗಳೂ ಬಹುಮಟ್ಟಿಗೆ ಒಕ್ಕಲಿಗರೇ. ಜಾತಿ ಒಂದೇ ಆಗಿರುವಾಗ ಮತದಾರ ಬೇರೆ ತಕ್ಕಡಿ ಹಿಡಿಯುತ್ತಾನೆ. ಯಾರು ಕಷ್ಟಕ್ಕೆ ಸಿಗುತ್ತಾರೆ, ಯಾರು ಹೆಣ್ಣುಮಗಳ ಬಗ್ಗೆ ಹಗುರವಾಗಿ ಮಾತಾಡಿದರು, ಕಬ್ಬಿನ ಬಾಕಿ ಕೊಡಿಸಿದವರು ಯಾರು, ಈ ಸಲ ಮುಖ್ಯಮಂತ್ರಿಯಾಗುವ ಅವಕಾಶ ಯಾರಿಗಿದೆ ಎಂಬುದೆಲ್ಲ ಆ ತಕ್ಕಡಿಯಲ್ಲಿ ತೂಗುತ್ತದೆ. ಪಕ್ಷದ ಪಟ್ಟಿಯಲ್ಲಿ ‘ಒಕ್ಕಲಿಗ, ನಮ್ಮದು’ ಎಂದು ಗುರುತು ಬಿದ್ದವನು ಇವನೇ. ಅನುಮಾನದ ಕಾಲಂಗೂ ಅವನನ್ನು ಸೇರಿಸಿರಲಿಲ್ಲ.

ಹೀಗೆಂದು ಎಲ್ಲ ಮತವೂ ತೇಲುವ ಮತ ಎಂದು ಹೇಳಲಾಗದು. 2023ರಲ್ಲಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಭಾಗದಿಂದ ಆರು ಸಲ ಗೆದ್ದಿದ್ದ ಜಗದೀಶ ಶೆಟ್ಟರ್ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್ಸಿಗೆ ಬಂದು ನಿಂತರು, 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಮತ ಪಕ್ಷದ ಜೊತೆ ಉಳಿಯಿತು. ಅದೇ ಚುನಾವಣೆಯಲ್ಲಿ ಅದೇ ರೀತಿ ಪಕ್ಷ ಬಿಟ್ಟ ಲಕ್ಷ್ಮಣ ಸವದಿ ಅಥಣಿಯಲ್ಲಿ 70 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಲ್ಲಿ ಮತ ವ್ಯಕ್ತಿಯ ಜೊತೆ ಹೊರಟಿತು. ಯಾವ ಬೂತು ಹುಬ್ಬಳ್ಳಿಯಂಥದು, ಯಾವುದು ಅಥಣಿಯಂಥದು ಎಂದು ಮೊದಲೇ ತಿಳಿಯುವುದೇ ಪಕ್ಷ ಸಂಘಟನೆಯ ಕೆಲಸ. ಅದು ತಿಳಿಯದೆ ಟಿಕೆಟ್ ಹಂಚುತ್ತಾರೆ.

ಟಿಕೆಟ್‌ಗೆ ಆಧಾರ ಸಮೀಕ್ಷೆ. ‘ಸರ್ವೆಯಲ್ಲಿ ನಿಮ್ಮ ಹೆಸರು ಬಂದಿಲ್ಲ’ ಎಂಬ ಮಾತು ಈಗ ಎಲ್ಲ ಪಕ್ಷದ ಆಕಾಂಕ್ಷಿಗಳಿಗೂ ಪರಿಚಿತ. ಒಂದು ಕ್ಷೇತ್ರದಲ್ಲಿ 500 ಜನರನ್ನು ಮಾತಾಡಿಸಿದ ಸಮೀಕ್ಷೆ ಎಷ್ಟು ಹೇಳಬಲ್ಲದು? ಎಲ್ಲವೂ ಕ್ರಮಬದ್ಧವಾಗಿ ನಡೆದರೂ ಒಂದು ಪಕ್ಷದ ಮತ ಪ್ರಮಾಣದಲ್ಲಿ ಶೇ 4ಕ್ಕೂ ಹೆಚ್ಚು ಆಚೀಚೆ ಆಗುವ ಸಾಧ್ಯತೆ ಇರುತ್ತದೆ. ಇಬ್ಬರ ನಡುವಿನ ಅಂತರ ಹೇಳುವುದಾದರೆ ಆ ಅನಿಶ್ಚಿತತೆ ಹೆಚ್ಚುಕಡಿಮೆ ಇಮ್ಮಡಿ. ಮೂರು ಅಂಶದ ಮುನ್ನಡೆಯನ್ನು ನೋಡಿ ಒಬ್ಬನ ಟಿಕೆಟ್ ಕಿತ್ತುಕೊಳ್ಳಲು ಆ ಅಂಕಿಯಲ್ಲಿ ಬಲವಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ‘ಇನ್ನೂ ತೀರ್ಮಾನಿಸಿಲ್ಲ’ ಎನ್ನುವವರನ್ನು ನಿಭಾಯಿಸುವ ರೀತಿಯಲ್ಲಿದೆ. 500 ಜನರಲ್ಲಿ 100 ಮಂದಿ ಹೀಗೆಂದರು ಎಂದಿಟ್ಟುಕೊಳ್ಳಿ. ಉಳಿದ 400ರಲ್ಲಿ ಒಂದು ಪಕ್ಷಕ್ಕೆ 180, ಎದುರು ಪಕ್ಷಕ್ಕೆ 160, ಇತರರಿಗೆ 60. ವರದಿ ಬರೆಯುವವರು ಆ ನೂರು ಜನರನ್ನು ಬದಿಗಿಟ್ಟು ಶೇ 45, ಶೇ 40, ಶೇ 15 ಎಂದು ಬರೆದುಕೊಡುತ್ತಾರೆ. ತೀರ್ಮಾನಿಸದವರೂ ತೀರ್ಮಾನಿಸಿದವರ ಹಾಗೆಯೇ ಹಂಚಿಹೋಗುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಅವರು ಹಾಗೆ ಹಂಚಿಹೋಗುವುದಿಲ್ಲ. ಆಳುವ ಪಕ್ಷದ ಬಗ್ಗೆ ಬೇಸರವಿದ್ದು ಬಾಯಿಬಿಡಲು ಹಿಂಜರಿಯುವವರು ಇದೇ ಗುಂಪಿನಲ್ಲಿ ಹೆಚ್ಚಿರುತ್ತಾರೆ. ಆ ನೂರರಲ್ಲಿ 25 ಮೊದಲ ಪಕ್ಷಕ್ಕೆ, 50 ಎದುರು ಪಕ್ಷಕ್ಕೆ, 25 ಇತರರಿಗೆ ಹೋದರೆ ಲೆಕ್ಕ 205, 210, 85. ಐದು ಅಂಶ ಮುಂದಿದ್ದವನು ಸೋತ. ಸಮೀಕ್ಷೆಯಲ್ಲಿ ಸಿಕ್ಕ ಅತ್ಯಂತ ಬೆಲೆಯುಳ್ಳ ಉತ್ತರವೇ ‘ಗೊತ್ತಿಲ್ಲ’ ಎಂಬುದು, ಅದನ್ನೇ ತೆಗೆದು ಎಸೆದಾಗಿತ್ತು.

ಸಮೀಕ್ಷೆ ಮಾಡುವ ಹುಡುಗರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಓಡಾಡುತ್ತಾರೆ. ಆ ಹೊತ್ತಿಗೆ ಸಿಗುವುದು ಅಂಗಡಿ ಮುಂದೆ, ಅರಳಿಕಟ್ಟೆಯ ಮೇಲೆ ಕೂತ ಗಂಡಸರು. ನಾಲ್ಕು ಜನರ ಮುಂದೆ ಕೇಳಿದರೆ ನಾಲ್ಕನೆಯವನು ಮೊದಲಿನ ಮೂವರು ಹೇಳಿದ್ದನ್ನೇ ಹೇಳುತ್ತಾನೆ. ಫ್ಯಾಕ್ಟರಿಗೆ ಹೋದವರು, ತೋಟಕ್ಕೆ ಹೋದವರು, ಮನೆಯೊಳಗಿನ ಹೆಂಗಸರು ತಪ್ಪಿಹೋಗುತ್ತಾರೆ. ಫೋನಿನಲ್ಲಿ ಕೇಳಿದರೆ ಇನ್ನೂ ಕಷ್ಟ, ಅಪರಿಚಿತ ನಂಬರಿಗೆ ಉತ್ತರಿಸಿ ಕೊನೆಯವರೆಗೂ ಮಾತಾಡುವವರು ರಾಜಕೀಯದಲ್ಲಿ ಮೊದಲೇ ಆಸಕ್ತಿ ಇರುವವರು.

ವಾಟ್ಸ್‌ಆ್ಯಪ್ ಗುಂಪುಗಳದು ಇದೇ ಹಾದಿ. ಪ್ರತಿ ಬೂತಿಗೊಂದು ಗುಂಪು ಮಾಡಿ 150 ಜನರನ್ನು ಸೇರಿಸಿದರೆ ತಿಂಗಳೊಳಗೆ ಪಕ್ಷದ ಬಗ್ಗೆ ಒಲವಿಲ್ಲದವರು ಹೊರಹೋಗುತ್ತಾರೆ ಅಥವಾ ಸದ್ದಡಗಿಸಿ ಇಡುತ್ತಾರೆ. ಉಳಿದವರು ಹಾಕುವ ಪೋಸ್ಟು, ಅದಕ್ಕೆ ಬೀಳುವ ಹೆಬ್ಬೆರಳು ನೋಡಿ ಜನಾಭಿಪ್ರಾಯ ಹೀಗಿದೆ ಎಂದು ನಾಯಕರು ನಂಬುತ್ತಾರೆ. ಮಾತಿನ ಧಾಟಿ ನಿಧಾನವಾಗಿ ಆ ಗುಂಪಿಗೆ ಹಿಡಿಸುವಂತೆ ತಿರುಗುತ್ತದೆ. 2023ರ ಪ್ರಚಾರದ ಕೊನೆಯ ವಾರವನ್ನು ನೆನಪಿಸಿಕೊಳ್ಳಿ. ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರು ಬಂದ ಮೇಲೆ ಬಿಜೆಪಿಯ ವೇದಿಕೆಗಳಲ್ಲಿ ಅದೇ ಮುಖ್ಯ ವಿಷಯವಾಯಿತು. ಕಾರ್ಯಕರ್ತರಿಗೆ ಉತ್ಸಾಹ ಬಂದದ್ದು ನಿಜ. ಆದರೆ ಸಿಲಿಂಡರ್ ಬೆಲೆ, ಗುತ್ತಿಗೆಯಲ್ಲಿ ಶೇ 40 ಕಮಿಷನ್ ಎಂಬ ಆರೋಪ, ನೇಮಕಾತಿ ಹಗರಣ ಇವುಗಳ ಬಗ್ಗೆ ಉತ್ತರಕ್ಕೆ ಕಾದಿದ್ದ ಮತದಾರನಿಗೆ ಆ ವಾರದ ಭಾಷಣಗಳಲ್ಲಿ ಏನೂ ಇರಲಿಲ್ಲ. ಕಾಂಗ್ರೆಸ್ ಕೂಡ ಬೇರೆ ಬೇರೆ ಹೊತ್ತಿನಲ್ಲಿ ಇದೇ ತಪ್ಪು ಮಾಡಿದೆ. 2019ರಲ್ಲಿ ಮೈತ್ರಿ ನಾಯಕರು ವೇದಿಕೆಯ ಮೇಲೆ ಕೈ ಎತ್ತಿ ಹಿಡಿದರೆ ಕೆಳಗೆ ಮತ ತಾನಾಗಿ ವರ್ಗವಾಗುತ್ತದೆ ಎಂದು ಎರಡೂ ಪಕ್ಷ ನಂಬಿದ್ದವು. ಆದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಈ ಎರಡು ಪಕ್ಷಗಳೇ ತಲೆಮಾರಿನಿಂದ ಎದುರಾಳಿಗಳು.

ಲೋಕಸಭೆಗೊಂದು, ವಿಧಾನಸಭೆಗೊಂದು ಲೆಕ್ಕ ಇಟ್ಟುಕೊಳ್ಳುವ ಮತದಾರ ಹೊಸಬನಲ್ಲ. 1984ರ ಡಿಸೆಂಬರಿನಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತ್ತು. ಅದನ್ನು ನೋಡಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಚುನಾವಣೆಗೆ ಹೋದರೆ, 1985ರ ಮಾರ್ಚಿನಲ್ಲಿ ಅದೇ ಮತದಾರರು 224ರಲ್ಲಿ 139 ಸ್ಥಾನ ಜನತಾ ಪಕ್ಷಕ್ಕೆ ಕೊಟ್ಟರು. ಅಲ್ಲಿಂದೀಚೆಗೆ ರಾಜ್ಯದಲ್ಲಿ ಯಾವ ಆಳುವ ಪಕ್ಷವೂ ಮರಳಿ ಗೆದ್ದಿಲ್ಲ.

ಇನ್ನೊಂದು ಬಗೆಯ ತಟಸ್ಥರಿದ್ದಾರೆ, ಅವರು ಪಕ್ಷ ಬದಲಿಸುವುದಿಲ್ಲ, ಓಟು ಹಾಕುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಬೆಂಗಳೂರಿನಲ್ಲಿ ಇವರೇ ಹೆಚ್ಚು. 2024ರಲ್ಲಿ ರಾಜ್ಯದಲ್ಲಿ ಶೇ 70ರಷ್ಟು ಮತದಾನವಾದರೆ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಶೇ 53. ಹದಿನಾರು ಮತದ ಜಯನಗರ ಇದೇ ಲೋಕಸಭಾ ಕ್ಷೇತ್ರದೊಳಗಿದೆ. ನೋಟಾ ಒತ್ತುವವರು ರಾಜ್ಯದಲ್ಲಿ ಶೇ 1ಕ್ಕೂ ಕಡಿಮೆ, ಹಾಗಾಗಿ ಬೇಸರ ಅಳೆಯಲು ನೋಟಾ ನೋಡಿದರೆ ಪ್ರಯೋಜನವಿಲ್ಲ, ಮನೆಯಲ್ಲೇ ಉಳಿದವರನ್ನು ನೋಡಬೇಕು. ಇವರಲ್ಲಿ ಎಷ್ಟೋ ಜನ ಬಾಡಿಗೆದಾರರು. ಮನೆ ಬದಲಿಸಿದ್ದಾರೆ, ಹೆಸರು ಹಳೇ ವಿಳಾಸದಲ್ಲೇ ಉಳಿದಿದೆ. ವಿಳಾಸ ಬದಲಿಸಲು ಈಗ ಫಾರಂ 8 ಸಾಕು, ಬೇರೆ ಕ್ಷೇತ್ರಕ್ಕೆ ಹೋಗಿದ್ದರೂ ಅದೇ ಫಾರಂ. ಹೊಸದಾಗಿ ಸೇರಲು ಫಾರಂ 6. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳ ಮೊದಲ ದಿನಾಂಕಕ್ಕೆ 18 ತುಂಬಿದವರು ಹೆಸರು ಸೇರಿಸಬಹುದು. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಬೂತಿಗೂ ಬೂತ್ ಮಟ್ಟದ ಏಜೆಂಟರನ್ನು ನೇಮಿಸಬಹುದು, ಅವರು ಬಿಎಲ್‌ಒ (ಬೂತ್ ಮಟ್ಟದ ಸರ್ಕಾರಿ ಅಧಿಕಾರಿ) ಜೊತೆ ಕೂತು ಪಟ್ಟಿ ಸರಿಪಡಿಸಬಹುದು. ‘ಯಾರಿಗೆ ಓಟು ಹಾಕುತ್ತೀರಿ’ ಎಂದು ಕೇಳದೆ ಮನೆಗೆ ಹೋಗಿ ಪರಿಚಯವಾಗಲು ಇದಕ್ಕಿಂತ ಒಳ್ಳೆಯ ಕಾರಣ ಪಕ್ಷಗಳಿಗೆ ಸಿಗದು. ಆದರೆ ಅವು ಈ ಏಜೆಂಟರನ್ನು ಎದುರಿನವರ ಹೆಸರು ತೆಗೆಸುವುದಕ್ಕೆ, ತಮ್ಮವರ ಹೆಸರು ಸೇರಿಸುವುದಕ್ಕೆ ಬಳಸುವುದೇ ಹೆಚ್ಚು.

ಯಾವ ಬೂತಿನಲ್ಲಿ ಮತ ಓಡಾಡುತ್ತಿದೆ ಎಂದು ತಿಳಿಯಲು ಗುಪ್ತಚರರು ಬೇಡ. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಸಿದ್ಧಪಡಿಸುವ ಫಾರಂ 20ರಲ್ಲಿ ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಬಿದ್ದ ಮತ ಇರುತ್ತದೆ, ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲೋಕಸಭೆಯದೂ ವಿಧಾನಸಭಾ ಕ್ಷೇತ್ರವಾರು ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು, ವಿಧಾನಸಭೆಗೂ ಲೋಕಸಭೆಗೂ ನಡುವೆ ಒಂದು ಪಕ್ಷದ ಮತ ಶೇ 10ಕ್ಕಿಂತ ಹೆಚ್ಚು ಬದಲಾದ ಬೂತುಗಳಿಗೆ ಗುರುತು ಹಾಕಬೇಕು. ಉದಾಹರಣೆಗೆ 650 ಮತ ಬಿದ್ದ ಬೂತಿನಲ್ಲಿ ವಿಧಾನಸಭೆಗೆ 210 ಪಡೆದ ಪಕ್ಷ ಲೋಕಸಭೆಗೆ 350 ಪಡೆದಿದ್ದರೆ, ಅಲ್ಲಿ ಕನಿಷ್ಠ 140 ಮತಗಳು ಓಡಾಡುವ ಮತಗಳು. ಕನಿಷ್ಠ ಎಂದದ್ದು ಯಾಕೆಂದರೆ ಬಂದವರ ಜೊತೆಗೆ ಬಿಟ್ಟುಹೋದವರೂ ಇರುತ್ತಾರೆ, ಕಾಣುವುದು ಉಳಿಕೆ ಮಾತ್ರ.

ಈ ಕೆಲಸದಲ್ಲಿ ಮೂರು ಕಡೆ ತಪ್ಪಾಗುತ್ತದೆ. ಮತಗಟ್ಟೆಯ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ, ಸಂಖ್ಯೆ ನೋಡಿ ಹೋಲಿಸಿದರೆ ಒಂದು ಬೀದಿಯ ಲೆಕ್ಕ ಇನ್ನೊಂದು ಬೀದಿಗೆ ಬೀಳುತ್ತದೆ. ಶಾಲೆಯ ಹೆಸರು, ಕೊಠಡಿ, ಪಟ್ಟಿಯಲ್ಲಿರುವ ಬೀದಿಗಳನ್ನು ನೋಡಿಯೇ ಜೋಡಿಸಬೇಕು. ಒಂದು ಬೂತಿಗೆ ಗರಿಷ್ಠ 1,500 ಮತದಾರರು ಎಂಬ ಮಿತಿಯನ್ನು ಚುನಾವಣಾ ಆಯೋಗ 2025ರಲ್ಲಿ 1,200ಕ್ಕೆ ಇಳಿಸಿರುವುದರಿಂದ ಮುಂದಿನ ಸಲ ಬಹಳಷ್ಟು ಬೂತುಗಳು ಒಡೆದುಹೋಗುತ್ತವೆ, ಹೋಲಿಕೆ ಇನ್ನೂ ತ್ರಾಸದಾಯಕವಾಗುತ್ತದೆ. ಅಂಚೆ ಮತ, ಮನೆಯಿಂದಲೇ ಹಾಕುವ ಹಿರಿಯರ ಮತ ಬೂತುವಾರು ಲೆಕ್ಕಕ್ಕೆ ಬರುವುದಿಲ್ಲ, ಆ ಮನೆಗಳ ಬಗ್ಗೆ ಫಾರಂ 20 ಏನನ್ನೂ ಹೇಳದು. ಮತದಾನದ ಪ್ರಮಾಣವೂ ಎರಡು ಚುನಾವಣೆಯಲ್ಲಿ ಒಂದೇ ಆಗಿರುವುದಿಲ್ಲ. 2018ರಲ್ಲಿ ರಾಜ್ಯದಲ್ಲಿ ಶೇ 72 ಇದ್ದದ್ದು 2019ರಲ್ಲಿ ಶೇ 69ರ ಆಸುಪಾಸಿಗೆ ಇಳಿದಿತ್ತು. ಬಾರದವರನ್ನೂ ಪಕ್ಷ ಬದಲಿಸಿದವರೆಂದು ಎಣಿಸಿಬಿಡುವ ಅಪಾಯ ಇಲ್ಲಿದೆ.

ಗುರುತಾದ ಬೂತುಗಳಿಗೆ ಹೋಗಬೇಕು, ಮತ್ತು ಚುನಾವಣೆ ದೂರವಿದ್ದಾಗ ಹೋಗಬೇಕು. ಲೆಕ್ಕ ಹೀಗಿದೆ: 900 ಮತದಾರರೆಂದರೆ ಸುಮಾರು 250 ಮನೆ. ಮನೆಗೆ 20 ನಿಮಿಷ ಕೂತರೆ 83 ಗಂಟೆ. ಇಬ್ಬರು ಬೇರೆ ಬೇರೆಯಾಗಿ ದಿನಕ್ಕೆ ನಾಲ್ಕು ಗಂಟೆ ಓಡಾಡಿದರೆ ಹನ್ನೊಂದು ದಿನ ಹಿಡಿಯುತ್ತದೆ. 2023ರಲ್ಲಿ ನಾಮಪತ್ರ ವಾಪಸಿಗೆ ಕೊನೆಯ ದಿನ ಏಪ್ರಿಲ್ 24, ಬಹಿರಂಗ ಪ್ರಚಾರ ಮುಗಿದದ್ದು ಮೇ 8. ಆ ಎರಡು ವಾರದಲ್ಲಿ ರ‍್ಯಾಲಿ, ರೋಡ್‌ಶೋ, ರಾಷ್ಟ್ರೀಯ ನಾಯಕರ ಹೆಲಿಪ್ಯಾಡು ಎಲ್ಲಕ್ಕೂ ಇದೇ ಕಾರ್ಯಕರ್ತ ಬೇಕು. ಮನೆಗೆ ಎರಡು ನಿಮಿಷ ಸಿಕ್ಕರೆ ಹೆಚ್ಚು, ಕರಪತ್ರ ಕೊಟ್ಟು ಕೈಮುಗಿದು ಮುಂದಿನ ಮನೆ. ವಿಧಾನಸಭಾ ಅಭ್ಯರ್ಥಿಯ ಕಾನೂನುಬದ್ಧ ವೆಚ್ಚದ ಮಿತಿ 40 ಲಕ್ಷ ರೂಪಾಯಿ, 260 ಬೂತಿಗೆ ಹಂಚಿದರೆ ಬೂತಿಗೆ 15 ಸಾವಿರ. ನಿಜವಾದ ಖರ್ಚು ಅದಕ್ಕಿಂತ ಬಹಳ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. ಆದರೂ ಆ ದುಡ್ಡಿನಲ್ಲಿ ಮನೆಯ ಮುಂದೆ ಕೂತು ಕೇಳಿಸಿಕೊಳ್ಳುವ ಕೆಲಸಕ್ಕೆಂದು ಒಂದು ಪಾಲು ಎತ್ತಿಡುವ ಅಭ್ಯರ್ಥಿ ಅಪರೂಪ.

ಮನೆಗೆ ಹೋದವರು ಕೇಳಬೇಕಾದದ್ದು ಪಕ್ಷದ ಬಗ್ಗೆ ಅಲ್ಲ. ನೀರು ದಿನ ಬಿಟ್ಟು ದಿನ ಬರುತ್ತದೆಯೇ, ಖಾತೆ ಆಗಿದೆಯೇ, ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ತಿಂಗಳದು ಬಾಕಿ ಇದೆ, ಪಂಪ್‌ಸೆಟ್‌ಗೆ ಕರೆಂಟು ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂದು ಕೇಳಿ, ಬರೆದುಕೊಂಡು, ತಿಂಗಳೊಳಗೆ ಆಯಿತೋ ಇಲ್ಲವೋ ಎಂದು ಹೇಳಲು ಮತ್ತೆ ಹೋಗಬೇಕು. ಆಗಲಿಲ್ಲ ಎಂದು ಹೇಳಲಾದರೂ ಹೋಗಬೇಕು. ಎರಡನೇ ಸಲ ಹೋಗದವರು ಮೊದಲನೇ ಸಲ ಹೋಗದಿದ್ದರೇ ಒಳ್ಳೆಯದು, ಬರೆದುಕೊಂಡು ಹೋದವರು ಬರಲಿಲ್ಲ ಎಂಬ ಮಾತು ಬೀದಿಯಲ್ಲಿ ಉಳಿಯುತ್ತದೆ. ಈ ಭೇಟಿಯಲ್ಲಿ ಗುರುತು ಹಾಕುವುದಾದರೆ ಮನೆಗೊಂದಲ್ಲ, ಹೆಸರಿಗೊಂದು. ಅನುಮಾನ ಎಂದು ಬರೆದ ಕಾರ್ಯಕರ್ತನನ್ನು ಬೈಯುವ ನಾಯಕ ಮುಂದಿನ ಸಭೆಯಿಂದ ಸುಳ್ಳು ಅಂಕಿಯನ್ನೇ ಕೇಳಬೇಕಾಗುತ್ತದೆ. ಫಲಿತಾಂಶ ಬಂದ ಮೇಲೆ ಪಟ್ಟಿಯ ಗುರುತಿಗೂ ಫಾರಂ 20ಕ್ಕೂ ಎಷ್ಟು ಅಂತರವಿತ್ತು ಎಂದು ಬೂತುವಾರು ತಾಳೆ ನೋಡಿದರೆ ಯಾರ ವರದಿ ನಂಬಬಹುದು ಎಂಬುದೂ ಗೊತ್ತಾಗುತ್ತದೆ.

ಇದೆಲ್ಲಕ್ಕೂ ಒಬ್ಬ ಶಾಸಕ ಸಾಲುವುದಿಲ್ಲ, ಕೆಳಗೆ ಮೆಟ್ಟಿಲುಗಳು ಬೇಕು. ಯಾವ ಪಕ್ಷಕ್ಕೂ ಸೇರದವನು ಪಕ್ಷದ ಕಚೇರಿಗೆ ಹೋಗುವುದಿಲ್ಲ, ಚರಂಡಿ ಕಟ್ಟಿಕೊಂಡಾಗ ಕಾರ್ಪೊರೇಟರ್ ಹತ್ತಿರ, ರಸ್ತೆ ಹಾಳಾದಾಗ ಜಿಲ್ಲಾ ಪಂಚಾಯಿತಿ ಸದಸ್ಯನ ಹತ್ತಿರ ಹೋಗುತ್ತಾನೆ. ಅವನು ಪಕ್ಷವನ್ನು ಅಳೆಯುವುದು ಅಲ್ಲಿ. ಬಿಬಿಎಂಪಿಯ 198 ವಾರ್ಡುಗಳಿಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಗರ ನಡೆಸಿದರು. 2016ರಲ್ಲಿ ಚುನಾಯಿತವಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೂ ಇದೇ ಸ್ಥಿತಿ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹೀಗಾಗಿ ಹಳ್ಳಿಯಲ್ಲೂ ಬೆಂಗಳೂರಿನಲ್ಲೂ ಪಕ್ಷದ ಚಿಹ್ನೆಯಲ್ಲಿ ಗೆದ್ದು ಮನೆ ಹತ್ತಿರ ಸಿಗುವ ಒಬ್ಬ ಪ್ರತಿನಿಧಿಯೂ ಉಳಿಯಲಿಲ್ಲ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ನ್ಯಾಯಾಲಯದ ತಕರಾರು ಎಂದು ಕಾರಣ ಕೊಟ್ಟು ಮುಂದೂಡಿದ್ದು ಬಿಜೆಪಿ ಸರ್ಕಾರವೂ ಹೌದು, ಅದರ ನಂತರ ಬಂದ ಕಾಂಗ್ರೆಸ್ ಸರ್ಕಾರವೂ ಹೌದು. ಹೊಸ ಕಾರ್ಪೊರೇಟರುಗಳು ತಮಗೆ ಪೈಪೋಟಿ ಎಂದು ಭಾವಿಸುವ ಶಾಸಕರು ಎರಡೂ ಪಕ್ಷಗಳಲ್ಲಿದ್ದಾರೆ. ಅವರಿಗೆ ಮತದಾರನ ಬೇಸರ ಮೊದಲು ಕೇಳಿಸುವ ಜಾಗ ಇದ್ದದ್ದು ಆ ವಾರ್ಡಿನಲ್ಲಿ, ಆ ತಾಲ್ಲೂಕು ಪಂಚಾಯಿತಿಯಲ್ಲಿ. ಅದನ್ನು ಖಾಲಿ ಬಿಟ್ಟರೆ ಬೇಸರ ಅವರಿಗೆ ತಿಳಿಯುವುದು ಎಣಿಕೆಯ ದಿನ, ಐದು ವರ್ಷಕ್ಕೊಮ್ಮೆ.